ಮಂಜಿನ ಮನೆಯ ಕರಡಿ

ನಮ್ಮ ಲೈನಿನ ಅಷ್ಟೂ ಮನೆ ಹುಡುಕಿದರೂ ಓದಲಿಕ್ಕೆ ಒಂದು ಪುಸ್ತಕ ಸಿಗದ ಹಾಗೆ ಮಾಡಿದ ಕೀರ್ತಿ ನನ್ನದು. ಭದ್ರಾವತಿಯಲ್ಲಿ ನನ್ನಂಥ ತರಲೆ ಇನ್ನೊಬ್ಬ ಹುಟ್ಟಿಲ್ಲ ಎಂದು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. ಮೊದಲು ಬೇರೆಯವರು ಹೇಳುತ್ತಿದ್ದರು. ಅವರೆಲ್ಲ ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದರಿಂದ ಆ ಕೆಲಸವೂ ನನ್ನ ಮೇಲೇ ಬಿದ್ದಿದೆ. ಪೇರಲೆಕಾಯಿ ಕದ್ದವರು, ಮೇಷ್ಟ್ರ ಕುರ್ಚಿಗೆ ನಸುಗುನ್ನಿ ಉಜ್ಜಿದವರು ಎಲ್ಲ ಊರಲ್ಲೂ ಸಿಗುತ್ತಾರೆ. ಸಾಕ್ಷಾತ್ ಸರಸ್ವತಿಯನ್ನೇ ಮುಂದೆ ಕೂರಿಸಿಕೊಂಡು ಓದಿನಿಂದ ತಪ್ಪಿಸಿಕೊಂಡವರು ಸಿಕ್ಕರೆ ಹೇಳಿ, ನಾನು ಬಂದು ಕೈ ಮುಗಿಯುತ್ತೇನೆ.

ಜನ್ನಾಪುರದ ಕಡೆ, ಕಬ್ಬಿಣದ ಕಾರ್ಖಾನೆಯ ಕೆಲಸಗಾರರಿಗೆ ಕಟ್ಟಿದ ಹೆಂಚಿನ ಮನೆಗಳ ಸಾಲನ್ನು ಲೈನು ಎನ್ನುತ್ತಿದ್ದರು. ಗೋಡೆಗೆ ಗೋಡೆ ತಾಗಿದ ಮನೆಗಳು. ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯವರು ಸೀನುತ್ತಿದ್ದರು. ಮುಂದೊಂದು ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಬಚ್ಚಲು. ಇಷ್ಟರಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿ ನಮ್ಮಜ್ಜಿ, ಮತ್ತು ನಾಲ್ಕು ಜನರ ಜಾಗ ಬೇಡುವ ನಾನು. ಎಡಗಡೆ ತಮಿಳಿನವರ ಮನೆ, ಅವರ ಮಗ ಮುರುಗೇಶ. ಬಲಗಡೆ ಕರೀಮನ ಮನೆ. ಎದುರು ಸಾಲಿನಲ್ಲಿ ಸಾವಿತ್ರಿ. ನಾಲ್ವರೂ ಒಂದೇ ತರಗತಿ. ಸಾವಿತ್ರಿ ಮೊದಲನೆಯವಳು, ನಾನು ಕೊನೆಯವನು, ಹೀಗೆ ತರಗತಿಯ ಎರಡು ತುದಿಯನ್ನೂ ನಮ್ಮ ಲೈನೇ ಹಿಡಿದುಕೊಂಡಿತ್ತು. ಯಾರ ಮನೆಯಲ್ಲೂ ಗಡಿಯಾರ ಇರಲಿಲ್ಲ. ಕಾರ್ಖಾನೆ ಕೂಗಿದಾಗ ಏಳುವುದು, ಕಾರ್ಖಾನೆ ಕೂಗಿದಾಗ ಉಣ್ಣುವುದು. ಆ ಕೂಗನ್ನು ನಾನು ಎರಡು ಕೈ ಬೊಗಸೆ ಮಾಡಿ ಬಾಯಿಗಿಟ್ಟು ಎಷ್ಟು ಚೆನ್ನಾಗಿ ತೆಗೆಯುತ್ತಿದ್ದೆನೆಂದರೆ, ಒಂದು ಮಧ್ಯಾಹ್ನ ಶಾಲೆಯ ಹಿಂದೆ ನಿಂತು ಕೂಗಿ ಶಾಲೆಯನ್ನೇ ಬಿಡಿಸಿದ್ದೆ. ಹೆಡ್ ಮೇಷ್ಟ್ರು ಕೊಡೆ ಹಿಡಿದು ಅರ್ಧ ದಾರಿ ಮನೆಗೆ ಹೋದ ಮೇಲೆ ನಿಜವಾದ ಕೂಗು ಕೇಳಿತಂತೆ.

ಅಪ್ಪ ಕುಂಸಿಯ ಕಡೆಯ ಹಳ್ಳಿಯವನು. ಅಣ್ಣತಮ್ಮಂದಿರ ಜೊತೆ ಹೊಲದ ಬದುವಿನ ಜಗಳವಾಗಿ ಬೇಸತ್ತು ಕಾರ್ಖಾನೆ ಸೇರಿದ್ದ. ಕೆಲಸ ಇದ್ದಿಲಿನ ಕಡೆ. ಕಾಡಿನಿಂದ ಟ್ರಾಮಿನಲ್ಲಿ ಬಂದ ಸೌದೆಯನ್ನು ಕಬ್ಬಿಣದ ದೊಡ್ಡ ಭಟ್ಟಿಗೆ ತುಂಬಿ, ಗಾಳಿ ಹೋಗದ ಹಾಗೆ ಬಾಗಿಲು ಬಿಗಿದು ಬೇಯಿಸುತ್ತಿದ್ದರು. ಹಾಗೆ ಬೆಂದದ್ದು ಇದ್ದಿಲು. ಅದರ ಬೆಂಕಿಗೆ ಅದಿರು ಕರಗಿ ಕಬ್ಬಿಣವಾಗುತ್ತಿತ್ತು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಆದರೆ ಓದಿನ ಬಗ್ಗೆ ಅವನಷ್ಟು ಯೋಚನೆ ಮಾಡಿದವನನ್ನು ನಾನು ಆಮೇಲೆ ಶಿವಮೊಗ್ಗದಲ್ಲೂ ನೋಡಲಿಲ್ಲ. ಭಟ್ಟಿಯ ಮುಂದೆ ನಿಂತು ನಿಂತು ಅವನು ಕಂಡುಕೊಂಡ ಸತ್ಯ ಒಂದಿತ್ತು. ಸಂಜೆ ಬಂದು, ಬಚ್ಚಲಲ್ಲಿ ಮಸಿ ತೊಳೆದುಕೊಂಡು, ಅಮ್ಮ ಕೊಟ್ಟ ಬೆಲ್ಲದ ಕಾಫಿ ಕುಡಿದು, ಅದನ್ನೇ ಹೇಳುತ್ತಿದ್ದ:

"ಗಾಳಿ ಒಳಗೆ ಹೋಯ್ತು ಅಂದ್ರೆ ಮುಗೀತು ಮಗ. ಅಷ್ಟೂ ಬೂದಿ. ಗಾಳಿ ಹೋಗ್ದೆ ಬೆಂತು ಅಂದ್ರೆ ಇದ್ಲು. ಸೌದೆ ಅದೇ, ಬೆಂಕಿ ಅದೇ. ವಿದ್ಯೇನೂ ಹಂಗೇ."

ಇಷ್ಟು ಹೇಳಿ ಸುಮ್ಮನಿದ್ದಿದ್ದರೆ ನಾನೂ ತಲೆಯಾಡಿಸಿ ಸುಮ್ಮನಿರುತ್ತಿದ್ದೆ. ಅಪ್ಪ ಎದ್ದು ಮುಂಬಾಗಿಲು ಮುಚ್ಚಿ ಅಗಳಿ ಹಾಕುತ್ತಿದ್ದ. ಆಮೇಲೆ ಕಿಟಕಿ. ಆಮೇಲೆ ಕಿಟಕಿಯ ಸಂದಿಗೆ ಹಳೆಯ ಪಂಚೆ. ಆ ಭಟ್ಟಿಯೊಳಗೆ ನಾನು ಪುಸ್ತಕ ಬಿಚ್ಚಿ ಗಟ್ಟಿಯಾಗಿ ಓದಬೇಕು. ಬೇಸಿಗೆಯಲ್ಲಿ ಬೆವರು ಮೂಗಿನ ತುದಿಯಿಂದ ಪುಟದ ಮೇಲೆ ತೊಟ್ಟಿಕ್ಕುತ್ತಿತ್ತು. ಅಮ್ಮ ಅಡುಗೆಮನೆಯಿಂದ, "ಮಗು ಬೆಂದೇ ಹೋಗುತ್ತೆ ಕಣ್ರೀ, ಬಾಗ್ಲು ತೆಗೀರಿ" ಎಂದರೆ, ಅಪ್ಪ "ಬೇಯ್ಲಿ ಬಿಡೆ, ಅದ್ಕೇ ಮುಚ್ಚಿರೋದು" ಎನ್ನುತ್ತಿದ್ದ. ಅಜ್ಜಿ ಬೀಸಣಿಗೆ ಬೀಸಿಕೊಳ್ಳುತ್ತ ಗೋಡೆಗೊರಗಿ ಕೂತು, ನನ್ನ ಕಡೆ ಅಷ್ಟೂ ಇಷ್ಟೂ ಗಾಳಿ ಬರುವ ಹಾಗೆ ಕೈ ತಿರುಗಿಸುತ್ತಿದ್ದಳು. ಅಪ್ಪ ನೋಡಿದರೆ ಕೈ ನಿಲ್ಲಿಸುತ್ತಿದ್ದಳು.

ಅಕ್ಷರ ಬಾರದ ಅಪ್ಪನ ಮುಂದೆ ಏನು ಬೇಕಾದರೂ ಓದಿದೆನೆಂದು ತೋರಿಸಬಹುದು ಎಂದು ನೀವು ಯೋಚಿಸುತ್ತಿದ್ದೀರಿ. ನಾನೂ ಹಾಗೇ ಯೋಚಿಸಿದ್ದೆ. ಪುಟ ತೆರೆದಿಟ್ಟುಕೊಂಡು, ಅದರಲ್ಲಿ ಇಲ್ಲದ ರಾಜನನ್ನು ಇಲ್ಲದ ಊರಿನ ಮೇಲೆ ದಂಡೆತ್ತಿ ಕಳಿಸುತ್ತಿದ್ದೆ. ಅಪ್ಪ ಕಣ್ಣು ಮುಚ್ಚಿ ಕೇಳುತ್ತ ಕೇಳುತ್ತ ಥಟ್ಟನೆ ಹೇಳುತ್ತಿದ್ದ:

"ಲೇ, ಇದು ಪುಸ್ತಕದ್ದಲ್ಲ."

"ಪುಸ್ತಕದ್ದೇ ಅಪ್ಪಾ!"

"ಅಲ್ಲ. ಓದೋನು ಅಲ್ಲಲ್ಲಿ ತಡವರಿಸ್ತಾನೆ. ನೀನು ನೀರು ಕುಡ್ದಂಗೆ ಹೇಳ್ತಿದೀಯ. ಸುಳ್ಳು ತಡವರಿಸಲ್ಲ ಮಗ."

ಅದು ನನಗೆ ದೊಡ್ಡ ಪಾಠವಾಯಿತು. ಅವತ್ತಿನಿಂದ ನಾನು ತಡವರಿಸುವುದನ್ನು ಅಭ್ಯಾಸ ಮಾಡಿದೆ. ಒಂದೊಂದು ಒತ್ತಕ್ಷರದ ಹತ್ತಿರ ನಿಲ್ಲುವುದು, ಹಿಂದಕ್ಕೆ ಹೋಗಿ ಮತ್ತೆ ಹೇಳುವುದು, ಬೆರಳಿಟ್ಟು ಹುಡುಕುವುದು. ನಾಟಕದ ಕಂಪೆನಿಯವರು ನನ್ನನ್ನು ನೋಡಿದ್ದರೆ ಆಗಲೇ ಎತ್ತಿಕೊಂಡು ಹೋಗುತ್ತಿದ್ದರು. ಅಪ್ಪ ಪಕ್ಕಾ ಮೋಸಹೋದ. ಹೆಡ್ ಮೇಷ್ಟ್ರು ಮೋಸಹೋಗಲಿಲ್ಲ. ಅದೇ ತರಗತಿಯಲ್ಲಿ ನಾನು ಎರಡನೇ ವರ್ಷ ಕೂತಿದ್ದಾಗ ಅಪ್ಪನನ್ನು ಕರೆಸಿ, ದಸರಾ ರಜೆ ಮುಗಿದ ಮೇಲಿನ ಪರೀಕ್ಷೆಯಲ್ಲಿ ಇವನು ದಾಟದಿದ್ದರೆ ಹೆಸರು ತೆಗೆದುಹಾಕುತ್ತೇನೆ, ದೊಡ್ಡವನಾಗುವವರೆಗೆ ಎಲ್ಲಾದರೂ ಕೆಲಸಕ್ಕೆ ಬಿಡಿ, ಆಮೇಲೆ ನಿಮ್ಮ ಭಟ್ಟಿಗೇ ಸೇರಿಸಿ ಎಂದುಬಿಟ್ಟರು.

ಅಪ್ಪನಿಗೆ ಅದು ಎಷ್ಟು ನಾಟಿತೆಂದು ನನಗೆ ತಿಳಿದದ್ದು ಆ ಭಾನುವಾರ. ರೈಲಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದ. ಪೇಟೆಯಲ್ಲಿ ಸರಸ್ವತಿಯ ಪಟ ಕೊಂಡ. ಕಟ್ಟು ಹಾಕಿಸಿದ, ಗಾಜಿನದು, ನಮ್ಮ ಕಿಟಕಿಗಿಂತ ದೊಡ್ಡದು. ಪಟವನ್ನು ಮಗುವಿನ ಹಾಗೆ ಎದೆಗವಚಿಕೊಂಡು, ಸ್ಟೇಷನ್ನಿಗೆ ಹೋಗುವ ದಾರಿ ಬಿಟ್ಟು ಬಳಸಿಕೊಂಡು ಹೈಸ್ಕೂಲಿನ ಕಟ್ಟಡದ ಮುಂದೆ ನಿಲ್ಲಿಸಿದ.

"ಆ ಮೂಲೆ ಕಿಟಕಿ ನೋಡ್ದಾ? ಅದರ ಹಿಂದೆ ನೀನು ಕೂತಿರ್ಬೇಕು. ನಾನು ಇಲ್ಲಿ ನಿಂತು ನೋಡ್ಬೇಕು. ಅಷ್ಟೇ ನನ್ ಆಸೆ."

"ಕಿಟಕಿ ತೆಗೆದೇ ಇದೆಯಲ್ಲಪ್ಪಾ. ಗಾಳಿ ಹೋಗಲ್ವಾ?" ಎಂದೆ.

ಬೇರೆ ದಿನವಾಗಿದ್ದರೆ ತಲೆಗೊಂದು ಬೀಳುತ್ತಿತ್ತು. ಅವತ್ತು ಅಪ್ಪ ಆ ತೆರೆದ ಕಿಟಕಿಗಳನ್ನು ನೋಡುತ್ತ ತುಂಬ ಹೊತ್ತು ನಿಂತಿದ್ದ. ನಿಜವಾಗಿಯೂ ಅವನಿಗೆ ಅದೊಂದು ಸಮಸ್ಯೆಯಾಗಿತ್ತು.

ಈಗ ನನ್ನ ಬುದ್ಧಿ ಹೇಗೆ ಓಡಿತು ನೋಡಿ. ನವರಾತ್ರಿಯಲ್ಲಿ ಸರಸ್ವತಿ ಕೂರಿಸುವ ದಿನ ಪುಸ್ತಕಗಳನ್ನು ಜೋಡಿಸಿ ಪೂಜೆಗಿಟ್ಟರೆ, ವಿಜಯದಶಮಿಗೆ ವಿಸರ್ಜನೆ ಮಾಡಿ ತೆಗೆಯುವವರೆಗೆ ಯಾರೂ ಮುಟ್ಟುವಂತಿಲ್ಲ, ಓದುವಂತಿಲ್ಲ. ಓದಿದರೆ ಪಾಪ. ಇಷ್ಟು ಒಳ್ಳೆಯ ಶಾಸ್ತ್ರ ಮಾಡಿದವನು ಯಾರೋ ಮಹಾನುಭಾವ, ಅವನೂ ನನ್ನ ಹಾಗೆ ಕೊನೆಯ ಬೆಂಚಿನವನೇ ಇರಬೇಕು. ಆದರೆ ನನ್ನ ಪುಸ್ತಕ ಪೂಜೆಗೆ ಹೋದರೆ ಅಪ್ಪ ಕರೀಮನ ಪುಸ್ತಕ ತರಿಸುತ್ತಿದ್ದ. ಕರೀಮನ ಮನೆಯಲ್ಲಿ ಪೂಜೆಯಿಲ್ಲ. ಆದ್ದರಿಂದ ರಜೆ ಶುರುವಾದ ಸಂಜೆಯೇ ನಾನು ಮನೆಮನೆಗೂ ಹೋದೆ. ಶಿವಮೊಗ್ಗದಿಂದ ಗಾಜಿನ ಸರಸ್ವತಿ ಬಂದಿದ್ದಾಳೆ, ಅವಳ ಪಾದದ ಕೆಳಗಿಟ್ಟ ಪುಸ್ತಕದವರು ಫಸ್ಟ್ ಕ್ಲಾಸ್ ಅಂತ ಪಟದ ಅಂಗಡಿಯವನೇ ಹೇಳಿದ ಎಂದು ಸಾರಿದೆ. ಸಾವಿತ್ರಿ ರಜೆಗೆ ಮುಂಚಿನ ದಿನ ಜ್ವರ ಬಂದು ಶಾಲೆ ತಪ್ಪಿಸಿಕೊಂಡಿದ್ದಳು. ಮೊದಲ ಸ್ಥಾನ ಹೋದೀತೆಂಬ ಹೆದರಿಕೆಯಲ್ಲಿ ಅವಳೇ ಮೊದಲು ಕೊಟ್ಟಳು. ಮುರುಗೇಶನ ತಾಯಿ ಪುಸ್ತಕಕ್ಕೆ ಅರಿಸಿನ ಹಚ್ಚಿ ಕೊಟ್ಟರು. ಕರೀಮ, "ನಮ್ದೂ ಇಟ್ಕೋತಾರೇನೋ ನಿಮ್ಮಮ್ಮ?" ಎಂದ. "ಸರಸ್ವತಿಗೆ ಉರ್ದೂನೂ ಬರುತ್ತೆ ಮಾರಾಯ, ತಾ" ಎಂದೆ. ಲೈನಿನ ಪುಸ್ತಕವೆಲ್ಲ ನಮ್ಮ ಮುಂಕೋಣೆಯ ಮೂಲೆಗೆ ಬಂದು ಎದೆಯೆತ್ತರ ರಾಶಿಯಾಯಿತು. ಅಮ್ಮನ ಧಾರೆ ಸೀರೆಯನ್ನು ಪರದೆಯಾಗಿ ಕಟ್ಟಿದರು. ಪುಸ್ತಕದ ಮೇಲೆ ಪಟ ಕೂತಿತು. ಹಬ್ಬದ ಕಡಲೆ ಉಸುಳಿಯನ್ನು ಬೊಗಸೆಗಟ್ಟಲೆ ಮುಕ್ಕುತ್ತ, ನಾನು ಬಾಗಿಲು ತೆರೆದ ಮನೆಯಲ್ಲಿ ಕಾಲು ಚಾಚಿ ಮಲಗಿದೆ. ಅಪ್ಪ ಮಾತ್ರ ಆ ರಾಶಿ ನೋಡಿ ಕಣ್ಣು ತುಂಬಿಕೊಂಡು, "ನನ್ ಮಗ ಲೈನಿಗೆಲ್ಲ ವಿದ್ಯೆ ತಂದಿದಾನೆ ನೋಡವ್ವ" ಎಂದು ಅಜ್ಜಿಗೆ ಹೇಳುತ್ತಿದ್ದ.

ಮಹಾನವಮಿಯ ಮಧ್ಯಾಹ್ನ ಕುಂಸಿಯ ಕಡೆಯಿಂದ ಆಳು ಬಂದ. ಅಪ್ಪನ ದೊಡ್ಡಪ್ಪನ ಮಗ ತೀರಿಕೊಂಡಿದ್ದ. ಬದುವಿನ ಜಗಳದ ಅಣ್ಣ ಅವನೇ. ಅಪ್ಪ ಅಳಲಿಲ್ಲ, ಸ್ನಾನ ಮಾಡಿ ಊರಿಗೆ ಹೋಗಿ ಮಣ್ಣು ಮಾಡಿ ಬಂದ. ಆದರೆ ದಾಯಾದಿ ದಾಯಾದಿಯೇ. ಮನೆಗೆ ಹತ್ತು ದಿನ ಸೂತಕ. ಸೂತಕದ ಮನೆಯಲ್ಲಿ ಪೂಜೆಯಿಲ್ಲ, ವಿಸರ್ಜನೆಯೂ ಇಲ್ಲ. ಸರಸ್ವತಿ ಕೂತಲ್ಲೇ ಕೂತಳು. ಅವಳ ಕೆಳಗೆ ಲೈನಿನ ಅಷ್ಟೂ ಪುಸ್ತಕ. ಪರೀಕ್ಷೆ ಬರುವುದು ಆ ಹತ್ತು ದಿನದೊಳಗೇ. ಇಷ್ಟನ್ನು ನಾನೂ ಯೋಚನೆ ಮಾಡಿರಲಿಲ್ಲ ಎಂದು ಒಪ್ಪಿಕೊಳ್ಳುವುದು ಕಷ್ಟ, ಯಾಕೆಂದರೆ ಲೈನಿನ ಹುಡುಗರು ಬಹಳ ಕಾಲ ಅದನ್ನೂ ನಾನೇ ಮಾಡಿಸಿದೆನೆಂದು ನಂಬಿದ್ದರು, ನಾನು ಅಲ್ಲವೆನ್ನಲು ಹೋಗಲಿಲ್ಲ.

ಮರುದಿನ ಬೆಳಗ್ಗೆ ನಮ್ಮ ಜಗಲಿಯ ಮುಂದೆ ಜಾತ್ರೆ. ಸೂತಕದ ಮನೆಯೆಂದು ಯಾರೂ ಒಳಗೆ ಬರುವುದಿಲ್ಲ. ಬೀದಿಯಲ್ಲಿ ನಿಂತೇ ಕೂಗಾಟ. ಬಾಗಿಲಿನಿಂದ ನೋಡಿದರೆ ಸೀರೆಯ ಸಂದಿಯಿಂದ ಪುಸ್ತಕಗಳ ಬೆನ್ನು ಕಾಣುತ್ತಿತ್ತು, ಅದು ಅವರ ಹೊಟ್ಟೆ ಇನ್ನಷ್ಟು ಉರಿಸುತ್ತಿತ್ತು.

"ಅಯ್ಯಯ್ಯೋ ಸಾಮಿ," ಎಂದರು ಮುರುಗೇಶನ ತಾಯಿ, "ಸತ್ತಿದ್ದು ನಿಮ್ ಅಣ್ಣ, ಬುಕ್ಕು ನಮ್ ಮುರುಗೇಶಂದು! ನಮ್ ಬುಕ್ಕಿಗೆ ಯಾತರ ಸೂತಕ?"

ಅಪ್ಪ ಅಜ್ಜಿಯ ಕಡೆ ತಿರುಗಿದ. "ಅವ್ವಾ, ಪಟ ಮೆಲ್ಲಗೆ ಎತ್ತಿ ಪುಸ್ತಕ ಕೊಟ್ಬಿಡೋಣ. ನಾವು ಮುಟ್ಟೋದು ಬೇಡ, ಅವರೇ ಬಂದು ತಕ್ಕೊಳ್ಲಿ."

"ಅವಳು ಕೂತಿರೋದು ಪುಸ್ತಕದ ಮೇಲೆ ಕಣೋ. ಕೂತೋರ ಮಣೆ ಎಳೀತೀಯಾ? ಮನೆಗೆ ಕರ್ದು, ಕೂರ್ಸಿ, ಮಣೆ ಎಳೀತೀಯಾ? ಏಳು ತಲೆಮಾರು ಅಕ್ಷರ ಹತ್ತಲ್ಲ."

"ಈಗ ನನಗೆ ಹತ್ತಿರೋ ಅಕ್ಷರ ಯಾವುದವ್ವ?"

"ಅದ್ಕೇ ಹೇಳ್ತಿರೋದು. ನಿಂದು ಮುಗೀತು. ಇವಂದು ನೋಡ್ಕೋ."

ಜೋಯಿಸರನ್ನು ಕೇಳಿದರೆ ಅವರೂ ಅಜ್ಜಿಯ ಕಡೆಯೇ. ಬೇರೆ ಲೈನಿನವರು ಪರೀಕ್ಷೆ ಎದುರಿಗಿಟ್ಟುಕೊಂಡು ಪುಸ್ತಕ ಕೊಡಲು ಒಪ್ಪಲಿಲ್ಲ. ಬೀದಿಯ ಜನವೆಲ್ಲ ಅಪ್ಪನನ್ನೇ ನೋಡುತ್ತಿದ್ದರು. ಹೆಣ್ಣುಮಕ್ಕಳನ್ನು ಯಾಕೆ ಓದಿಸಬೇಕು ಎಂದ ಸಾವಿತ್ರಿಯ ಅಪ್ಪನ ಹತ್ತಿರ ಜಗಳ ಮಾಡಿ ಅವಳನ್ನು ಶಾಲೆಗೆ ಹಾಕಿಸಿದವನು ಅವನು. ಲೈನಿನಲ್ಲಿ ಯಾವ ಮಗು ಬೀದಿ ಅಲೆಯುತ್ತಿದ್ದರೂ ಕಿವಿ ಹಿಡಿದು ಮನೆಗೆ ಬಿಡುತ್ತಿದ್ದವನು. ಈಗ ಅವನ ಮನೆಯಿಂದಲೇ ಎಲ್ಲರ ಓದೂ ನಿಂತಿತ್ತು. ಅಪ್ಪ ಜಗಲಿಯ ಮೇಲಿಂದ ಎದ್ದ.

"ಪುಸ್ತಕ ಒಳಗಿದೆ ಸರಿ. ಇಷ್ಟು ದಿನ ಓದಿದೀರಲ್ಲ, ಅದೂ ಒಳಗೇ ಉಳೀತಾ? ಸಂಜೆ ಎಲ್ರೂ ಬೇವಿನ ಮರದ ಕೆಳಗೆ ಬನ್ನಿ. ಯಾರ್ ತಲೇಲಿ ಏನಿದೆ ಹೊರಗೆ ಹಾಕಿ."

ಹಾಗೆ ಶುರುವಾಯಿತು. ಸಂಜೆ ಕಾರ್ಖಾನೆ ಕೂಗಿದ ಮೇಲೆ, ಲೈನಿನ ತುದಿಯ ಬೇವಿನ ಮರದ ಬುಡದಲ್ಲಿ ಮಕ್ಕಳೆಲ್ಲ ಸಾಲಾಗಿ ಕೂತರು. ಸೂತಕದವರಾದ ನಾವಿಬ್ಬರು ಒಂದು ಮಾರು ಆಚೆ. ಗಾಳಿ ಬೇಕಾದ ಹಾಗೆ ಬೀಸುತ್ತಿತ್ತು. ಮೊದಲ ದಿನ ಅಪ್ಪ ಎರಡು ಸಲ ಎದ್ದು ಸುತ್ತ ನೋಡಿದ, ಮುಚ್ಚಲಿಕ್ಕೆ ಏನೂ ಇರಲಿಲ್ಲ. ಮುರುಗೇಶ ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ಗಿರಣಿಯ ಹಾಗೆ ಹೊರಗೆ ಹಾಕಿದ. ಕರೀಮನಿಗೆ ಕನ್ನಡ ಪದ್ಯಗಳೆಲ್ಲ ಬಾಯಿಗೆ ಬರುತ್ತಿದ್ದವು. ಅವನು ರಾಗವಾಗಿ ಹೇಳಿದರೆ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದ ಹೆಂಗಸರು ನೀರು ತುಂಬಿ ಹರಿದದ್ದು ನೋಡುತ್ತಿರಲಿಲ್ಲ. ಚರಿತ್ರೆ ಸಾವಿತ್ರಿಯದು. ಒಬ್ಬನಿಗೆ ಮರೆತ ಸಾಲನ್ನು ಇನ್ನೊಬ್ಬ ಹಾಕುತ್ತಿದ್ದ. ಹರಿದ ಕೌದಿಯನ್ನು ನಾಲ್ಕು ಕೈ ಸೇರಿ ಹೊಲಿದ ಹಾಗೆ ಪುಸ್ತಕ ಮತ್ತೆ ಆಗುತ್ತ ಬಂತು. ಅಪ್ಪ ನಡುನಡುವೆ ಕೇಳುತ್ತಿದ್ದ: ಆ ರಾಜ ಆಮೇಲೆ ಏನಾದ? ಮುಕ್ಕಾಲರ ಮುಕ್ಕಾಲು ಹೇಗೆ ಅಷ್ಟಾಗುತ್ತೆ? ಪದ್ಯದಲ್ಲಿ ಆ ಹೆಂಗಸು ಯಾಕೆ ಅಳ್ತಾಳೆ? ಮಕ್ಕಳು ಗುದ್ದಾಡಿಕೊಂಡು ಉತ್ತರ ಹೇಳುತ್ತಿದ್ದರು. ನನ್ನ ಪಾಲಿಗೆ ಮಾತ್ರ ಹೊರಗೆ ಹಾಕಲು ಏನೂ ಇರಲಿಲ್ಲ. ಎರಡು ವರ್ಷ ಒಂದೇ ಪುಸ್ತಕ ಹೊತ್ತವನ ತಲೆಯಲ್ಲಿ ಅದರ ರಟ್ಟಿನ ಬಣ್ಣ ಬಿಟ್ಟರೆ ಬೇರೇನೂ ಇಲ್ಲ. ದಿನವೂ ನನ್ನ ಸರದಿ ಬಂದಾಗ ಅಪ್ಪ ನನ್ನ ಮುಖ ನೋಡುತ್ತಿದ್ದ, ನಾನು ಮರ ನೋಡುತ್ತಿದ್ದೆ.

ಭೂಗೋಳದಲ್ಲಿ ಎಸ್ಕಿಮೋ ಜನರ ಪಾಠಕ್ಕೆ ಬಂದಾಗ ಎಲ್ಲರೂ ಅಲ್ಲೇ ಸಿಕ್ಕಿಕೊಂಡರು. ಅದನ್ನು ಮೇಷ್ಟ್ರು ಮಾಡಿದ್ದು ರಜೆಗೆ ಮುಂಚಿನ ದಿನ. ಸಾವಿತ್ರಿಗೆ ಜ್ವರ, ಉಳಿದವರ ಮನಸ್ಸು ಹಬ್ಬದ ಮೇಲೆ. ಮಂಜಿನ ಮನೆಯಲ್ಲಿ ಇರುತ್ತಾರೆ ಎಂಬಲ್ಲಿಗೆ ಎಲ್ಲರ ತಲೆಯೂ ಖಾಲಿ.

"ಮಂಜಿನ ಮನೆ ಅಂದ್ರೆ?" ಅಪ್ಪ ಮುಂದಕ್ಕೆ ಬಗ್ಗಿದ. "ಗೋಡೇನೂ ಮಂಜೇ? ಮತ್ತೆ ಚಳಿಗೆ ಏನ್ಮಾಡ್ತಾರೆ?"

ಅಪ್ಪನ ಮುಖ ಅಷ್ಟು ಹಸಿದದ್ದು ನಾನು ನೋಡಿರಲಿಲ್ಲ. ನಾನು ಕೆಮ್ಮಿದೆ.

"ನಂಗೆ ನೆನಪಿದೆ," ಎಂದೆ. ಕಣ್ಣು ಮುಚ್ಚಿ, ಇಲ್ಲದ ಪುಟದ ಮೇಲೆ ಬೆರಳಿಟ್ಟೆ. "ಒಲೆ ಹಚ್ಚಿದರೆ ಮನೆ ಕರಗು... ಕರಗುತ್ತದೆ. ಆದುದರಿಂದ ಅವರು... ಆದುದರಿಂದ ಅವರು ಹಿಮ... ಹಿಮಕರಡಿಯನ್ನು ಸಾಕಿ ಮನೆಯೊಳಗೆ ಕಟ್ಟಿಕೊಳ್ಳುತ್ತಾರೆ. ಅದರ ಉಚ್ಛ್... ಉಚ್ಛ್ವಾಸದಿಂದ ಮನೆಯು ಬೆಚ್ಚಗಿರುತ್ತದೆ."

"ಕಚ್ಚಲ್ವೇನೋ?" ಎಂದ ಕರೀಮ.

"ಮರಿಯಿಂದ ಸಾಕಿರ್ತಾರೆ ಮಾರಾಯ."

ಸಾವಿತ್ರಿ ಹುಬ್ಬು ಗಂಟಿಕ್ಕಿದಳು. "ಪುಸ್ತಕದಲ್ಲಿ ಹಂಗಿತ್ತಾ?"

"ಚಿತ್ರ ನೋಡಿಲ್ವಾ ನೀನು? ಮನೆ ಪಕ್ಕ ಕರಡಿ ಇತ್ತೋ ಇಲ್ವೋ?"

"ಇತ್ತು."

"ಮತ್ತೆ? ನೆಂಟರ ಮನೆಗೆ ಬಂದಿತ್ತಾ ಅದು?"

ಅವಳು ಇನ್ನೇನೋ ಹೇಳುವಷ್ಟರಲ್ಲಿ ಅಪ್ಪ ತೊಡೆ ತಟ್ಟಿದ. "ನಿಜ ಇರ್ಬೇಕು ಸಾವಿತ್ರಿ! ನಮ್ಮೂರಲ್ಲೂ ಹಂಗೇ ಕಣಮ್ಮ. ಎಮ್ಮೆ ಒಳಗೆ ಕಟ್ಟಿದ್ರೆ ಮಾಗಿ ಚಳೀಲೂ ಕಂಬಳಿ ಬೇಡ. ಅವ್ರಿಗೆ ಎಮ್ಮೆ ಇಲ್ಲ, ಕರಡಿ. ನೋಡು, ಎಲ್ಲೋ ಇರೋ ಜನ. ನಮ್ಮಂಗೇ ಯೋಚ್ನೆ ಮಾಡಿದಾರೆ!"

ಮುಗಿಯಿತು. ಅಪ್ಪನ ಎಮ್ಮೆ ನನ್ನ ಕರಡಿಗೆ ಸಾಕ್ಷಿ ಹೇಳಿದ ಮೇಲೆ ಸಾವಿತ್ರಿಯೂ ತಲೆಬಾಗಿದಳು. ಆ ಸಂಜೆ ಅಪ್ಪ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದ, ಅಜ್ಜಿಗೆ ಹೇಳಿದ. ಮರುದಿನ ಇದ್ದಿಲು ಭಟ್ಟಿಯವರಿಗೆಲ್ಲ ಹೇಳಿ ಬಂದ. ಅಮ್ಮ ನನ್ನ ಅನ್ನಕ್ಕೆ ತುಪ್ಪ ಬಡಿಸಲು ಬಂದಾಗ, ಅಪ್ಪ ತನ್ನ ಪಾಲಿನದನ್ನೂ ನನ್ನ ತಟ್ಟೆಗೇ ಹಾಕಿಸಿದ. ಆ ತುಪ್ಪ ಚೆನ್ನಾಗಿತ್ತು. ಚೆನ್ನಾಗಿರಲಿಲ್ಲ ಎಂದು ಈಗ ಬರೆದರೆ ನೀವು ಮೆಚ್ಚುತ್ತೀರಿ, ಆದರೆ ಚೆನ್ನಾಗಿತ್ತು.

ಪರೀಕ್ಷೆ ಬಂತು. ನಾನು ಕೂತು ಬರೆದೆ. ಮುರುಗೇಶನ ಮಗ್ಗಿ ಕಿವಿಯಲ್ಲಿ ತಿರುಗುತ್ತಿತ್ತು, ಕರೀಮನ ರಾಗ ಹಿಡಿದರೆ ಪದ್ಯ ತಾನೇ ಬರುತ್ತಿತ್ತು, ಸಾವಿತ್ರಿಯ ರಾಜರು ಸಾಲಾಗಿ ಬಂದು ನಿಂತರು. ಕೇಳಿದ್ದು ಮರೆಯದ ಕಿವಿ ನನ್ನದು. ಹಿಂದೆ ಯಾರೂ ಅದಕ್ಕೆ ಏನನ್ನೂ ಹಾಕಿರಲಿಲ್ಲ, ಅಷ್ಟೇ. ಭೂಗೋಳದಲ್ಲಿ ಕೊನೆಯ ಪ್ರಶ್ನೆ: ಎಸ್ಕಿಮೋ ಜನರ ಮನೆಗಳನ್ನು ವರ್ಣಿಸಿ. ನಾನು ತಲೆಯೆತ್ತಿ ನೋಡಿದೆ. ನಮ್ಮ ಲೈನಿನವರೆಲ್ಲ ನಗುನಗುತ್ತ ಬರೆಯುತ್ತಿದ್ದರು. ಎಲ್ಲರ ಹಾಳೆಯಲ್ಲೂ ನನ್ನ ಕರಡಿಯೇ ಕೂರುತ್ತಿದೆ ಎಂದು ಆಗ ಹೊಳೆಯಿತು. ಆದರೂ ನಾನೂ ಕರಡಿಯನ್ನೇ ಬರೆದೆ. ನನ್ನ ಕರಡಿಯನ್ನು ನಾನೇ ಕೈಬಿಟ್ಟರೆ ಹೇಗೆ?

ಹೆಡ್ ಮೇಷ್ಟ್ರು ಉತ್ತರದ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು.

"ಈ ಕರಡಿ ಯಾರದು?"

ಎಲ್ಲ ಬೆರಳೂ ನನ್ನ ಕಡೆ. ಸಾವಿತ್ರಿಯ ಬೆರಳು ಎಲ್ಲರಿಗಿಂತ ಮುಂದೆ. ಅವಳಿಗೆ ಆ ಸಲ ಮೊದಲ ಸ್ಥಾನ ತಪ್ಪಿತ್ತು.

ಅಪ್ಪನಿಗೆ ಹೇಳಿ ಕಳಿಸಿದರು. ಪಾಳಿ ಮುಗಿಸಿ ಮಸಿ ತೊಳೆಯದೆಯೇ ಬಂದು, ಹೆಗಲ ವಲ್ಲಿಯನ್ನು ಕೈಯಲ್ಲಿ ಹಿಡಿದು ನಿಂತ. ಹೆಡ್ ಮೇಷ್ಟ್ರು ನನ್ನ ಉತ್ತರವನ್ನು ಗಟ್ಟಿಯಾಗಿ ಓದಿದರು. "ಮಲೆನಾಡಿನ ಅಂಚಿನ ಊರುಗಳಲ್ಲಿ ಎಮ್ಮೆಯನ್ನು ಕಟ್ಟಿಕೊಳ್ಳುವಂತೆ" ಎಂಬಲ್ಲಿ ನಿಲ್ಲಿಸಿ, "ಇದು ಯಾವ ಪುಸ್ತಕದಲ್ಲಿದೆಯಪ್ಪ?" ಎಂದರು.

"ಅದು ನಾನು ಹೇಳಿದ್ದು ಸ್ವಾಮಿ," ಎಂದ ಅಪ್ಪ. "ಕರಡಿ ಪುಸ್ತಕದ್ದು."

"ಯಾವ ಪುಸ್ತಕದಲ್ಲೂ ಇಲ್ಲ. ಅದು ನಿಮ್ಮ ಮಗಂದು."

ಅಪ್ಪ ನನ್ನ ಕಡೆ ತಿರುಗಲಿಲ್ಲ. ವಲ್ಲಿಯನ್ನು ಮಡಚಿದ, ಮತ್ತೆ ಬಿಡಿಸಿದ. ಭಟ್ಟಿಯ ಜನರ ಮುಂದೆ ಅವನು ಕೈ ಆಡಿಸಿ ಆಡಿಸಿ ಕರಡಿಯ ಕಥೆ ಹೇಳಿದ್ದು ನನ್ನ ಕಣ್ಣ ಮುಂದೆ ಬಂತು. ಉಳಿದ ವಿಷಯಗಳಲ್ಲೆಲ್ಲ ನಾನು ದಾಟಿದ್ದೆ. ಅದನ್ನೂ ಮೇಷ್ಟ್ರು ಹೇಳಿದರು. "ಬುದ್ಧಿ ಇಲ್ಲ ಅಂತಲ್ಲ. ಇರೋದೆಲ್ಲ ಈ ದಾರಿಗೆ. ತಾನೂ ಕೆಟ್ಟು ಲೈನನ್ನೂ ಕೆಡಿಸಿದ. ನಾನು ಹೆಸರು ತೆಗೀತೀನಿ. ಕರ್ಕೊಂಡು ಹೋಗಿ."

ಶಾಲೆಯಾಚೆ ಟ್ರಾಮಿನ ಹಳಿ. ಅದರ ಪಕ್ಕ ಸೌದೆಯ ರಾಶಿ. ಅಪ್ಪ ಹಳಿ ದಾಟಿ ಒಂದು ದಿಮ್ಮಿಯ ಮೇಲೆ ಕೂತ. ನಾನು ಏಟಿಗೆ ಅನುಕೂಲವಾದಷ್ಟು ದೂರದಲ್ಲಿ ನಿಂತೆ. ಜಾಸ್ತಿ ದೂರ ನಿಂತರೆ ಎದ್ದು ಬರಬೇಕಾಗುತ್ತದಲ್ಲ, ದಣಿದಿದ್ದಾನೆ. ಅಪ್ಪ ಏಳಲಿಲ್ಲ.

"ತಡವರಿಸಿದ್ಯಲ್ಲೋ," ಎಂದ. "ಎಷ್ಟು ಚಂದ ತಡವರಿಸ್ದೆ."

ನಾನು ಕಾಲ್ಬೆರಳಲ್ಲಿ ಸೌದೆಯ ತೊಗಟೆ ಕೆದಕಿದೆ.

"ಹಂಗಾದ್ರೆ," ಅಪ್ಪ ತಲೆಯೆತ್ತಿದ, "ನಿಜವಾಗ್ಲೂ ಬೆಚ್ಚಗೆ ಇರೋದು ಹೆಂಗೆ ಅವ್ರು?"

"ಗೊತ್ತಿಲ್ಲಪ್ಪಾ."

"ಗೊತ್ತಿಲ್ದೆ ನಾನು ಮನೆಗೆ ಹೋಗ್ಲಾ? ನಾಳೆ ಭಟ್ಟೀಲಿ ಕರಡಿ ಇಲ್ಲ ಅಂತ ಹೇಳ್ಬೇಕು. ಮತ್ತೇನಿದೆ ಅಂತ ಕೇಳಿದ್ರೆ? ಹೋಗು. ಕೇಳ್ಕೊಂಡ್ ಬಾ. ಇಲ್ಲೇ ಕೂತಿರ್ತೀನಿ."

ಹೆಸರು ತೆಗೆಸಿಕೊಂಡ ಶಾಲೆಗೆ ಓಡಿದೆ. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ ಕೇಳಿದೆ. ಹೆಡ್ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, ಬೈಯಲು ಬಾಯಿ ತೆರೆದವರು, ಯಾಕೋ ಉತ್ತರವನ್ನೇ ಹೇಳಿದರು. ನಾನು ಓಡಿ ಬಂದು ಅಪ್ಪನ ಮುಂದೆ ನಿಂತೆ.

"ಸೀಲು ಅಂತ ಒಂದು ಪ್ರಾಣಿ ಅಪ್ಪಾ, ಸಮುದ್ರದ್ದು. ಅದರ ಕೊಬ್ಬಿಂದ... ಕೊಬ್ಬಿನ ಎಣ್ಣೆ. ಕಲ್ಲಿನ ದೀಪ. ಅಲ್ಲ, ದೀಪ ಕಲ್ಲಿಂದು, ಎಣ್ಣೆ ಸೀಲಿಂದು. ಅದರ ಬಿಸಿ, ಮತ್ತೆ ಮನುಷ್ಯರ ಮೈ ಬಿಸಿ. ಗೋಡೆ ಅದನ್ನ ಹೊರಗೆ... ಹೊರಗೆ ಬಿಡಲ್ವಂತೆ."

ಅಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಗಾಳಿ ಆಡ್ದಂಗೆ ಮುಚ್ಚಿರ್ತಾರೆ ಅನ್ನು. ನಮ್ ಭಟ್ಟಿ ಹಂಗೆ." ಅವನ ಮುಖ ಮೆಲ್ಲಗೆ ಬಿಚ್ಚಿಕೊಂಡಿತು, ಮತ್ತೆ ಗಂಟಾಯಿತು. "ಅಲ್ಲಾ, ದೀಪ ಹಚ್ಚಿದ್ರೆ ಗೋಡೆ ಕರಗಲ್ವಾ?"

ಅದನ್ನು ನಾನು ಕೇಳಿರಲಿಲ್ಲ. ಅವನು ಗದ್ದದಲ್ಲೇ ಶಾಲೆಯ ಕಡೆ ತೋರಿಸಿದ. ಮತ್ತೆ ಓಡಿದೆ. ಹೆಡ್ ಮೇಷ್ಟ್ರು ಬೀಗ ಹಾಕುತ್ತಿದ್ದರು, ಕಂಕುಳಲ್ಲಿ ಕೊಡೆ. ನಮ್ಮಪ್ಪ ಕೇಳ್ತಿದಾನೆ ಸಾರ್ ಎಂದು ಪ್ರಶ್ನೆ ಹಾಕಿದೆ. ಅವರು, "ಅದು... ಅದು ಏನಂದ್ರೆ, ಹೊರಗಿನ ಚಳಿ... ಅಲ್ಲ, ಒಳಗೆ..." ಎಂದು ನಿಂತರು. ಬೀಗದ ಕೈಯಿಂದ ಕಿವಿ ಕೆರೆದುಕೊಂಡರು. ಹಳಿಯಾಚೆ ದಿಮ್ಮಿಯ ಮೇಲೆ ಕೂತ ಕಪ್ಪು ಆಕೃತಿಯನ್ನು ಒಂದು ಗಳಿಗೆ ನೋಡಿದರು.

"ನಾಳೆ ಬಾ. ನೋಡಿ ಹೇಳ್ತೀನಿ."

ಬಂದು ಅಪ್ಪನಿಗೆ ಹಾಗೇ ಹೇಳಿದೆ.

"ತಡವರಿಸಿದ್ರಾ?"

"ಹೂಂ. ತುಂಬಾ."

"ಹಂಗಾದ್ರೆ ಓದಿದೋರೇ." ಅಪ್ಪ ಎದ್ದು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ. ನಾಲ್ಕು ಹೆಜ್ಜೆ ನಡೆದು ನಿಂತ. "ನಾಳೆ ಬಾ ಅಂದ್ರಾ? ಅವ್ರೇ ಅಂದ್ರಾ?"

"ಅವ್ರೇ ಅಂದ್ರು."

"ಹೆಸ್ರು ತೆಗೆದ ಹುಡುಗನಿಗೆ ಯಾರಾದ್ರೂ ನಾಳೆ ಬಾ ಅಂತಾರೇನೋ? ನಡಿ ನಡಿ, ಉಂಡು ಬೇಗ ಮಲಕ್ಕೋ. ಬೆಳಗ್ಗೆ ಸ್ಕೂಲಿದೆ."